ಬುದ್ಧಿಮಾಂದ್ಯರಿಗೆ ನೋವು ಗೊತ್ತಾಗುವುದಿಲ್ಲವೇ? ಆಸ್ಪತ್ರೆಯಲ್ಲಿ ಅವರ ಜೊತೆ ಮಾತನಾಡುವುದು ಹೇಗೆ?

"ಅವನಿಗೆ ನೋವೇ ಗೊತ್ತಾಗಲ್ಲ, ಗಟ್ಟಿಪಿಂಡ. ಬಿದ್ದರೂ ಅಳೋದಿಲ್ಲ." ಬೌದ್ಧಿಕ ವಿಕಲತೆ ಇರುವವರ ಬಗ್ಗೆ ಮನೆಯವರು, ನೆಂಟರು, ಕೆಲವೊಮ್ಮೆ ಆಸ್ಪತ್ರೆಯ ಸಿಬ್ಬಂದಿ ಕೂಡ ಹೀಗೆ ಹೇಳುವುದನ್ನು ನೀವು ಕೇಳಿರಬಹುದು. ಎಷ್ಟೋ ಸಲ ಪ್ರೀತಿಯಿಂದಲೇ ಆಡುವ ಮಾತು ಇದು. ಆದರೆ ಈ ನಂಬಿಕೆ ಜೀವಕ್ಕೇ ಕುತ್ತು ತರಬಲ್ಲದು.

ನಿಜ ಏನೆಂದರೆ, ಅವರಿಗೂ ನಮ್ಮಷ್ಟೇ ನೋವಾಗುತ್ತದೆ. ಅದನ್ನು ಹೇಳುವ ರೀತಿ ಮಾತ್ರ ಬೇರೆ. ನಾವು ಕೇಳುವ ರೀತಿ ಅವರಿಗೆ ಅರ್ಥವಾಗದಿದ್ದರೆ, ಅವರು ಹೇಳುವ ರೀತಿ ನಮಗೆ ಅರ್ಥವಾಗದಿದ್ದರೆ, ಗುಣವಾಗಬಹುದಾದ ಕಾಯಿಲೆಯೂ ಕೈ ಮೀರಿ ಹೋಗುತ್ತದೆ. ಇದನ್ನು ತಪ್ಪಿಸುವುದು ಹೇಗೆ? ಮನೆಯವರು ಏನು ಮಾಡಬಹುದು, ಆಸ್ಪತ್ರೆಯವರು ಏನು ಮಾಡಬೇಕು, ಕಾನೂನು ಏನು ಹೇಳುತ್ತದೆ? ಒಂದೊಂದಾಗಿ ನೋಡೋಣ.

ಮೊದಲು, ನಾವು ಯಾರ ಬಗ್ಗೆ ಮಾತನಾಡುತ್ತಿದ್ದೇವೆ?

ಹೊಸದನ್ನು ಕಲಿಯುವುದು, ಯೋಚಿಸಿ ನಿರ್ಧರಿಸುವುದು, ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳುವುದು, ಇವುಗಳಲ್ಲಿ ಬಾಲ್ಯದಿಂದಲೇ ಸಾಕಷ್ಟು ಕಷ್ಟ ಇದ್ದರೆ ಅದನ್ನು ಬೌದ್ಧಿಕ ವಿಕಲತೆ ಎನ್ನುತ್ತಾರೆ. ಹಿಂದೆ ಇದಕ್ಕೆ ಬುದ್ಧಿಮಾಂದ್ಯತೆ ಎಂಬ ಪದ ಬಳಕೆಯಲ್ಲಿತ್ತು. ಡೌನ್ ಸಿಂಡ್ರೋಮ್‌ನಂಥ ವಂಶವಾಹಿ ಕಾರಣಗಳು, ಹೆರಿಗೆ ವೇಳೆ ಆಮ್ಲಜನಕದ ಕೊರತೆ, ಎಳವೆಯಲ್ಲಿ ಮೆದುಳಿಗೆ ತಗಲುವ ಸೋಂಕು ಹೀಗೆ ಕಾರಣಗಳು ಹಲವು. ಎಷ್ಟೋ ಜನರಲ್ಲಿ ಕಾರಣ ತಿಳಿಯುವುದೇ ಇಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಇಂಥವರ ಸಂಖ್ಯೆ ಸುಮಾರು 15 ಲಕ್ಷ.

ಇಲ್ಲಿ ಎರಡು ಗೊಂದಲಗಳನ್ನು ಬಿಡಿಸಿಕೊಳ್ಳಬೇಕು. ಇದು ಡಿಸ್ಲೆಕ್ಸಿಯಾ ಅಲ್ಲ. ಡಿಸ್ಲೆಕ್ಸಿಯಾ ಇರುವವರಿಗೆ ಓದು, ಬರಹದಲ್ಲಿ ತೊಡಕು ಇರುತ್ತದೆಯೇ ಹೊರತು ಒಟ್ಟಾರೆ ತಿಳಿವಳಿಕೆಯಲ್ಲಿ ಅಲ್ಲ. ಹಾಗೆಯೇ ಇದು ಮಾನಸಿಕ ಕಾಯಿಲೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಕಾಯಿಲೆಯ ವ್ಯಾಖ್ಯಾನದಿಂದ ಬುದ್ಧಿಮಾಂದ್ಯತೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. "ಹುಚ್ಚು" ಎಂದು ಕರೆಯುವುದು ಅವಮಾನ ಮಾತ್ರವಲ್ಲ, ತಪ್ಪು ಮಾಹಿತಿ ಕೂಡ.

ತಪ್ಪು ತಿಳಿವಳಿಕೆ 1: ಅವರಿಗೆ ನೋವು ಗೊತ್ತಾಗುವುದಿಲ್ಲ

ನೋವೇ ತಿಳಿಯದ ಒಂದು ಸ್ಥಿತಿ ಇದೆ ನಿಜ. ಅದು ಹುಟ್ಟಿನಿಂದ ಬರುವ, ತೀರಾ ಅಪರೂಪದ ವಂಶವಾಹಿ ತೊಂದರೆ. ಬೌದ್ಧಿಕ ವಿಕಲತೆ ಎಂದರೆ ಅದಲ್ಲ. ಡೌನ್ ಸಿಂಡ್ರೋಮ್ ಇರುವವರ ಮೇಲೆ ನಡೆದ ಅಧ್ಯಯನಗಳು ತೋರಿಸಿರುವುದು ಇಷ್ಟು: ಅವರು ನೋವನ್ನು ತೋರಿಸುವುದು ಕೆಲವೊಮ್ಮೆ ನಿಧಾನ, ಎಲ್ಲಿ ನೋವು ಎಂದು ಕರಾರುವಾಕ್ಕಾಗಿ ಹೇಳುವುದು ಕಷ್ಟ. ಹೇಳಲು ತಡವಾಯಿತು ಎಂದರೆ ನೋವು ಇಲ್ಲ ಎಂದಲ್ಲ.

ಮಾತು ಕಡಿಮೆ ಇರುವವರಲ್ಲಿ ನೋವು ವರ್ತನೆಯಾಗಿ ಹೊರಬರುತ್ತದೆ. ಉದಾಹರಣೆಗೆ:

- ಇದ್ದಕ್ಕಿದ್ದಂತೆ ಕೆನ್ನೆಗೆ, ಕಿವಿಗೆ, ತಲೆಗೆ ಹೊಡೆದುಕೊಳ್ಳತೊಡಗುವುದು. ಹಲ್ಲು ನೋವು, ಕಿವಿ ಸೋಂಕು, ತಲೆನೋವು ಇರಬಹುದು.
- ಇಷ್ಟದ ಊಟವನ್ನೂ ದೂರ ತಳ್ಳುವುದು. ಬಾಯಿ ಹುಣ್ಣು, ಹಲ್ಲು ನೋವು, ಎದೆಯುರಿ, ಮಲಬದ್ಧತೆ ಇರಬಹುದು.
- ಒಂದೇ ಕಡೆ ಮುದುರಿ ಕೂರುವುದು, ಹೊಟ್ಟೆ ಮುಟ್ಟಿದರೆ ಕೈ ತಳ್ಳುವುದು.
- ರಾತ್ರಿ ನಿದ್ದೆ ಮಾಡದೆ ಓಡಾಡುವುದು, ಕಾರಣವಿಲ್ಲದೆ ಸಿಟ್ಟಾಗುವುದು, ಅಥವಾ ಎಂದಿಗಿಂತ ತುಂಬಾ ಸುಮ್ಮನಾಗುವುದು.
- ಬಟ್ಟೆಯಲ್ಲಿ ಮೂತ್ರ ಮಾಡಿಕೊಳ್ಳುವುದು ಹೊಸದಾಗಿ ಶುರುವಾಗುವುದು. ಮೂತ್ರದ ಸೋಂಕು ಇರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು.

ಇಲ್ಲಿ ನೋಡಬೇಕಾದದ್ದು ಬದಲಾವಣೆಯನ್ನು. "ಮೊನ್ನೆಯವರೆಗೆ ಹೀಗಿರಲಿಲ್ಲ" ಎಂದು ನಿಮಗೆ ಅನ್ನಿಸಿದರೆ ಅದನ್ನು ವೈದ್ಯರಿಗೆ ಅದೇ ಮಾತಿನಲ್ಲಿ ಹೇಳಿ.

ಮಾತಿನಲ್ಲಿ ನೋವು ಹೇಳಲಾಗದವರಿಗಾಗಿಯೇ ವೈದ್ಯಲೋಕದಲ್ಲಿ ಅಳತೆಗೋಲುಗಳಿವೆ. ಅವುಗಳಲ್ಲಿ ಒಂದು ಪರಿಷ್ಕೃತ ಫ್ಲ್ಯಾಕ್ ಮಾಪಕ. ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುವ ರೀತಿ ಎಂಬ ಐದನ್ನು ನೋಡಿ ಅಂಕ ಕೊಡುತ್ತಾರೆ. ನೋವಾದಾಗ ಈ ಮಗು ಏನು ಮಾಡುತ್ತದೆ ಎಂದು ತಂದೆ ತಾಯಿ ಹೇಳುವ ವಿವರವನ್ನೂ ಅದರಲ್ಲಿ ಸೇರಿಸಲು ಅವಕಾಶವಿದೆ.

ತಪ್ಪು ತಿಳಿವಳಿಕೆ 2: ಅವರು ಇರುವುದೇ ಹಾಗೆ

ಇದು ಮೊದಲನೆಯದಕ್ಕಿಂತ ಅಪಾಯಕಾರಿ. ರೋಗಿ ಕಿರುಚುತ್ತಿದ್ದಾನೆ, ತಲೆ ಚಚ್ಚಿಕೊಳ್ಳುತ್ತಿದ್ದಾನೆ. "ಇಂಥ ಮಕ್ಕಳು ಹೀಗೇ ಮಾಡ್ತಾರೆ" ಎಂದು ನಿದ್ದೆ ಬರುವ ಮಾತ್ರೆ ಕೊಟ್ಟು ಕಳುಹಿಸಿದರೆ ಒಳಗಿನ ಕಾಯಿಲೆ ಅಲ್ಲೇ ಉಳಿಯುತ್ತದೆ. ಕಣ್ಣಿಗೆ ಕಾಣುವ ವಿಕಲತೆಯ ನೆರಳಿನಲ್ಲಿ ಇನ್ನೊಂದು ಕಾಯಿಲೆ ಕಾಣದೆ ಹೋಗುವ ಈ ತಪ್ಪಿಗೆ ಸಂಶೋಧಕರು 1982ರಲ್ಲೇ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು "ರೋಗಪತ್ತೆಗೆ ಕವಿಯುವ ನೆರಳು" ಎನ್ನಬಹುದು.

ಇದರ ಪರಿಣಾಮ ಎಷ್ಟು ಎಂಬುದನ್ನು ಇಂಗ್ಲೆಂಡ್ ಲೆಕ್ಕ ಹಾಕಿ ನೋಡಿದೆ. ಅಲ್ಲಿನ ನೈಋತ್ಯ ಭಾಗದಲ್ಲಿ 2010ರಿಂದ 2012ರ ನಡುವೆ ತೀರಿಕೊಂಡ, ಬೌದ್ಧಿಕ ವಿಕಲತೆ ಇದ್ದ 247 ಜನರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಲಾಯಿತು. 2013ರಲ್ಲಿ ವರದಿ ಬಂತು. ಉಳಿದ ಜನರಿಗೆ ಹೋಲಿಸಿದರೆ ಗಂಡಸರು ಸರಾಸರಿ 13 ವರ್ಷ, ಹೆಂಗಸರು 20 ವರ್ಷ ಮೊದಲೇ ಸತ್ತಿದ್ದರು. ರೋಗ ಪತ್ತೆ ತಡವಾದದ್ದು, ಮನೆಯವರ ಮಾತಿಗೆ ಬೆಲೆ ಕೊಡದಿದ್ದದ್ದು, ರೋಗಿಯ ಅಗತ್ಯಕ್ಕೆ ತಕ್ಕಂತೆ ವ್ಯವಸ್ಥೆ ಬದಲಿಸಿಕೊಳ್ಳದಿದ್ದದ್ದು ಮತ್ತೆ ಮತ್ತೆ ಕಂಡುಬಂತು. ಉಚಿತ ಸರ್ಕಾರಿ ಆರೋಗ್ಯ ಸೇವೆ ಇರುವ ದೇಶದ ಕಥೆ ಇದು.

ಮಲಬದ್ಧತೆಯನ್ನೇ ತೆಗೆದುಕೊಳ್ಳಿ. ಓಡಾಟ ಕಡಿಮೆ, ನೀರು ಕುಡಿಯುವುದು ಕಡಿಮೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಇವುಗಳಿಂದ ಬೌದ್ಧಿಕ ವಿಕಲತೆ ಇರುವವರಲ್ಲಿ ಇದು ಬಹಳ ಸಾಮಾನ್ಯ. ಎಲ್ಲರೂ ಹಗುರವಾಗಿ ಕಾಣುವ ಈ ತೊಂದರೆ ವಿಪರೀತಕ್ಕೆ ಹೋದರೆ ಕರುಳು ಕಟ್ಟಿಕೊಂಡು ಸಾವು ಕೂಡ ಸಂಭವಿಸಬಹುದು. ಹೊಟ್ಟೆ ಉಬ್ಬರ, ವಾಂತಿ, ಹಲವು ದಿನಗಳಿಂದ ಮಲವಿಸರ್ಜನೆ ಇಲ್ಲ ಎಂದಾದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಇನ್ನೂ ಕೆಲವನ್ನು ನೆನಪಿಡಿ. ಬೌದ್ಧಿಕ ವಿಕಲತೆ ಇರುವ ಸುಮಾರು ಐವರಲ್ಲಿ ಒಬ್ಬರಿಗೆ ಮೂರ್ಛೆರೋಗ ಇರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಥೈರಾಯ್ಡ್, ದೃಷ್ಟಿ, ಶ್ರವಣದ ತೊಂದರೆಗಳೂ ಅವರಲ್ಲಿ ಹೆಚ್ಚು. "ಮಂಕಾಗಿದ್ದಾನೆ" ಎಂದು ನಾವು ಅಂದುಕೊಂಡದ್ದು ಕಿವಿ ಕೇಳಿಸದೆ ಇರುವುದೋ, ಥೈರಾಯ್ಡ್ ಕಡಿಮೆಯಾಗಿರುವುದೋ ಇರಬಹುದು. ಎರಡಕ್ಕೂ ಚಿಕಿತ್ಸೆ ಇದೆ.

ತಪ್ಪು ತಿಳಿವಳಿಕೆ 3: ಅವರಿಗೆ ಹೇಳಿ ಏನು ಪ್ರಯೋಜನ, ಮನೆಯವರಿಗೆ ಹೇಳಿದರೆ ಸಾಕು

ವೈದ್ಯರು ಅಮ್ಮನನ್ನು ನೋಡಿ "ಇವನಿಗೆ ಏನಾಗಿದೆ?" ಎಂದು ಕೇಳುತ್ತಾರೆ. ಮೂವತ್ತು ವರ್ಷದ ಮಗ ಪಕ್ಕದಲ್ಲೇ ಕುಳಿತಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ. ಇದು ನಮ್ಮ ಆಸ್ಪತ್ರೆಗಳಲ್ಲಿ ನಿತ್ಯ ಕಾಣುವ ದೃಶ್ಯ.

ಮನೆಯವರ ಮಾಹಿತಿ ಬೇಕೇ ಬೇಕು. ಆದರೆ ರೋಗಿಯನ್ನೂ ಕೇಳಬೇಕು. ಬಹಳಷ್ಟು ಜನರಲ್ಲಿ ವಿಕಲತೆ ಸೌಮ್ಯ ಪ್ರಮಾಣದ್ದಾಗಿದ್ದು, ಸರಳವಾಗಿ ಹೇಳಿದರೆ ಅರ್ಥವಾಗುತ್ತದೆ. ಮಾತು ಬಾರದವರಿಗೂ ಎಷ್ಟೋ ವಿಷಯ ತಿಳಿಯುತ್ತದೆ. ಅಷ್ಟೇ ಅಲ್ಲ, ಯಾರಾದರೂ ಹೊಡೆಯುತ್ತಿದ್ದರೆ, ಮೈ ಮುಟ್ಟುತ್ತಿದ್ದರೆ ಅದನ್ನು ಎಲ್ಲರೆದುರು ಹೇಳಲಾಗದು. ಕೆಲ ನಿಮಿಷ ರೋಗಿಯೊಂದಿಗೆ ಮಾತ್ರ ಮಾತನಾಡುವುದೂ ಇದಕ್ಕಾಗಿಯೇ ಮುಖ್ಯ.

ಹಾಗಾದರೆ ಹೇಗೆ ಮಾತನಾಡಬೇಕು?

ಹೆಸರು ಹಿಡಿದು ಶುರು ಮಾಡಿ. ಮೊದಲು ಅವರ ಹೆಸರು ಕರೆದು, ಮುಖ ನೋಡಿ ಮಾತು ಆರಂಭಿಸಿ. ದೊಡ್ಡವರಾಗಿದ್ದರೆ ದೊಡ್ಡವರಂತೆಯೇ ಮಾತನಾಡಿಸಿ. ನಲವತ್ತು ವರ್ಷದವರನ್ನು "ಪುಟ್ಟಾ, ಜಾಣಮರಿ" ಎನ್ನಬೇಕಿಲ್ಲ.

ಒಂದು ಸಲಕ್ಕೆ ಒಂದೇ ವಿಷಯ. "ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ರಿಪೋರ್ಟ್ ತನ್ನಿ" ಎಂಬ ಒಂದೇ ವಾಕ್ಯದಲ್ಲಿ ನಾಲ್ಕು ಕೆಲಸಗಳಿವೆ. ಅದನ್ನೇ ಹೀಗೆ ಹೇಳಬಹುದು:

"ನಾಳೆ ಬೆಳಿಗ್ಗೆ ತಿಂಡಿ ತಿನ್ನಬೇಡಿ. ಕಾಫಿ ಕುಡಿಯಬೇಡಿ. ನೀರು ಕುಡಿಯಬಹುದು. ಅಮ್ಮನ ಜೊತೆ ಆಸ್ಪತ್ರೆಗೆ ಬನ್ನಿ. ನರ್ಸ್ ನಿಮ್ಮ ಕೈಯಿಂದ ಸ್ವಲ್ಪ ರಕ್ತ ತೆಗೆಯುತ್ತಾರೆ. ಸೂಜಿ ಚುಚ್ಚಿದಾಗ ಸ್ವಲ್ಪ ನೋವಾಗುತ್ತದೆ. ಆಮೇಲೆ ತಿಂಡಿ ತಿನ್ನಬಹುದು."

ಸುತ್ತು ಮಾತು ಬೇಡ. "ಹೊರಗಡೆ ಸರಿಯಾಗಿ ಹೋಗ್ತೀರಾ?" ಎಂದು ಕೇಳಿದರೆ "ಹೌದು, ಅಂಗಡಿಗೆ ಹೋಗ್ತೀನಿ" ಎಂಬ ಉತ್ತರ ಬರಬಹುದು. "ಮೋಷನ್ ಆಯ್ತಾ?" ಎಂಬುದೂ ಎಲ್ಲರಿಗೂ ತಿಳಿಯುವುದಿಲ್ಲ. ಮನೆಯಲ್ಲಿ ಅದಕ್ಕೆ ಯಾವ ಪದ ಬಳಸುತ್ತಾರೋ ಅದನ್ನೇ ಬಳಸಿ. ಕನ್ನಡದಲ್ಲೇ ಒಂದೊಂದು ಕಡೆ ಒಂದೊಂದು ಮಾತು. ಉತ್ತರ ಕರ್ನಾಟಕದ ಮನೆಯಲ್ಲಿ "ಹೊಟ್ಟಿ ಬ್ಯಾನಿ" ಎಂದು ಕಲಿತವರಿಗೆ "ಉದರ ಬಾಧೆ" ತಿಳಿಯದು. ತುಳು ಮನೆಯಲ್ಲಿ ಬೆಳೆದವರಿಗೆ "ಬಂಜಿ ಬೇನೆ" ಎಂದರೆ ತಕ್ಷಣ ತಿಳಿಯುತ್ತದೆ.

ಕಾಯಿರಿ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಉತ್ತರ ಬರುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಕೇಳಿದರೆ ಅವರು ಮೊದಲಿನಿಂದ ಯೋಚಿಸಬೇಕಾಗುತ್ತದೆ.

"ಹೌದು" ಎಂದರೆ ಹೌದೆಂದೇ ಅಲ್ಲ. ಎದುರಿನವರನ್ನು ಸಮಾಧಾನಪಡಿಸಲು ಎಲ್ಲದಕ್ಕೂ "ಹೂಂ" ಎನ್ನುವ ಅಭ್ಯಾಸ ಅನೇಕರಲ್ಲಿದೆ. "ತಲೆನೋವಾ, ಹೊಟ್ಟೆನೋವಾ?" ಎಂದರೆ ಕೊನೆಯಲ್ಲಿ ಕೇಳಿದ್ದನ್ನೇ ಕೆಲವರು ತಿರುಗಿ ಹೇಳುತ್ತಾರೆ. ಆದ್ದರಿಂದ "ಎಲ್ಲಿ ನೋಯುತ್ತೆ, ಕೈಯಿಟ್ಟು ತೋರಿಸಿ" ಎನ್ನಿ. ಮನುಷ್ಯನ ದೇಹದ ಒಂದು ಚಿತ್ರ ಬರೆದು ಅದರ ಮೇಲೆ ಬೆರಳಿಡಲು ಹೇಳಬಹುದು. ಅನುಮಾನವಿದ್ದರೆ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳಿ.

ತಿರುಗಿ ಹೇಳಿಸಿ. "ಅರ್ಥ ಆಯ್ತಾ?" ಎಂದರೆ ಉತ್ತರ "ಹೂಂ" ಎಂದೇ ಬರುತ್ತದೆ. ಅದರ ಬದಲು "ರಾತ್ರಿ ಯಾವ ಮಾತ್ರೆ ತಗೋತೀರಿ, ನನಗೆ ತೋರಿಸಿ" ಎನ್ನಿ. ತಪ್ಪಾದರೆ ನಾವು ಹೇಳಿದ್ದು ಸ್ಪಷ್ಟವಾಗಿರಲಿಲ್ಲ ಎಂದು ತಿಳಿದು, ಬೇರೆ ರೀತಿಯಲ್ಲಿ ಹೇಳಬೇಕು.

ಚೀಟಿಯನ್ನು ಚಿತ್ರವಾಗಿಸಿ. ಚೀಟಿಯಲ್ಲಿ ವೈದ್ಯರು 1-0-1 ಎಂದು ಬರೆಯುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಅದರ ಅರ್ಥ. ಇದು ಎಷ್ಟೋ ಓದಿದವರಿಗೇ ಗೊತ್ತಿರುವುದಿಲ್ಲ. ಒಂದು ಹಾಳೆಯಲ್ಲಿ ಸೂರ್ಯನ ಚಿತ್ರ, ಅದರ ಪಕ್ಕ ಒಂದು ಮಾತ್ರೆ. ಚಂದ್ರನ ಚಿತ್ರ, ಅದರ ಪಕ್ಕ ಒಂದು ಮಾತ್ರೆ. ಇಷ್ಟು ಬರೆದು ಗೋಡೆಗೆ ಅಂಟಿಸಿದರೆ ಕೆಲಸ ಸುಲಭ. ಮನೆಯಲ್ಲಿರುವ ಅಕ್ಷರ ಬಾರದ ಅಜ್ಜಿಗೂ ಅದು ಉಪಯೋಗಕ್ಕೆ ಬರುತ್ತದೆ.

ಸುಳ್ಳು ಹೇಳಬೇಡಿ, ಹೆದರಿಸಬೇಡಿ

"ಊಟ ಮಾಡದಿದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ." ಈ ಬೆದರಿಕೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ನಾವು ದೊಡ್ಡವರಾದ ಮೇಲೆ ಅದನ್ನು ಮರೆಯುತ್ತೇವೆ. ಬೌದ್ಧಿಕ ವಿಕಲತೆ ಇರುವವರಲ್ಲಿ ಆ ಭಯ ಜೀವನಪೂರ್ತಿ ಉಳಿಯಬಹುದು. ಮುಂದೆ ನಿಜವಾಗಿ ಕಾಯಿಲೆ ಬಂದಾಗ ಆಸ್ಪತ್ರೆಯ ಗೇಟಿನಲ್ಲೇ ಕುಸಿದು ಕೂರುತ್ತಾರೆ.

"ಏನೂ ಮಾಡಲ್ಲ, ಚಾಕೊಲೇಟ್ ಕೊಡ್ತಾರೆ ಬಾ" ಎಂದು ಕರೆದೊಯ್ದು ಇಂಜೆಕ್ಷನ್ ಕೊಡಿಸುವುದೂ ಅಷ್ಟೇ ಕೆಟ್ಟದ್ದು. ಆ ದಿನದ ಕೆಲಸ ಆಗುತ್ತದೆ, ಆದರೆ ಮುಂದಿನ ಸಲ ನಿಮ್ಮ ಮಾತು ನಂಬುವುದಿಲ್ಲ. ಬದಲಿಗೆ ಏನಾಗುತ್ತದೆ ಎಂದು ಮೊದಲೇ ತೋರಿಸಿ. ಆಸ್ಪತ್ರೆಯ ಬಾಗಿಲು, ಕಾಯುವ ಜಾಗ, ಹಾಸಿಗೆ, ಬಿಪಿ ಯಂತ್ರದ ಫೋಟೊಗಳನ್ನು ನಿಮ್ಮ ಫೋನಿನಲ್ಲಿ ತೆಗೆದು, ನಡೆಯುವ ಕ್ರಮದಲ್ಲೇ ಜೋಡಿಸಿ, ಹಿಂದಿನ ದಿನ ಎರಡು ಮೂರು ಸಲ ತೋರಿಸಿ. ಬೇರೆ ರೋಗಿಗಳ ಮುಖ ಫೋಟೊದಲ್ಲಿ ಬರದಂತೆ ನೋಡಿಕೊಳ್ಳಿ. ಆಟಿಕೆಯ ಸ್ಟೆತಾಸ್ಕೋಪ್ ಇದ್ದರೆ ಮನೆಯಲ್ಲೇ ಅಭ್ಯಾಸ ಮಾಡಿಸಬಹುದು.

ಚಿತ್ರಗಳ ಬಲವನ್ನು ಇಂಗ್ಲೆಂಡಿನ ಮನೋವೈದ್ಯೆ ಶೀಲಾ ಹೋಲಿನ್ಸ್ ಚೆನ್ನಾಗಿ ಬಳಸಿಕೊಂಡರು. ಅವರು ಶುರು ಮಾಡಿದ ಬುಕ್ಸ್ ಬಿಯಾಂಡ್ ವರ್ಡ್ಸ್ ಎಂಬ ಮಾಲೆಯ ಕಥೆಗಳಲ್ಲಿ ಪದಗಳಿಲ್ಲ, ಬರೀ ಚಿತ್ರಗಳು. ವೈದ್ಯರ ಭೇಟಿ, ಆಸ್ಪತ್ರೆ ವಾಸ, ಅಪ್ಪ ಅಮ್ಮನ ಸಾವು ಇಂಥ ವಿಷಯಗಳನ್ನು ಚಿತ್ರ ನೋಡುತ್ತ ಮಾತನಾಡಲು ಅವು ನೆರವಾಗುತ್ತವೆ. ಪದಗಳೇ ಇಲ್ಲದ್ದರಿಂದ ಯಾವ ಭಾಷೆಯ ಮನೆಯಲ್ಲೂ ಬಳಸಬಹುದು.

ಒಂದು ಪುಟದ ಆಸ್ಪತ್ರೆ ಪರಿಚಯ ಪತ್ರ

ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ಬೌದ್ಧಿಕ ವಿಕಲತೆ ಇರುವವರು "ಆಸ್ಪತ್ರೆ ಪಾಸ್‌ಪೋರ್ಟ್" ತರುತ್ತಾರೆ. ಟ್ರಾಫಿಕ್ ಸಿಗ್ನಲ್‌ನಂತೆ ಮೂರು ಬಣ್ಣ. ಕೆಂಪು ಭಾಗದಲ್ಲಿ ತಿಳಿದಿರಲೇಬೇಕಾದದ್ದು, ಹಳದಿಯಲ್ಲಿ ಮುಖ್ಯವಾದದ್ದು, ಹಸಿರಿನಲ್ಲಿ ಇಷ್ಟ ಮತ್ತು ಇಷ್ಟವಿಲ್ಲದ್ದು. ಇದನ್ನು ಮಾಡಿಕೊಳ್ಳಲು ಸರ್ಕಾರದ ಆದೇಶ ಬೇಕಿಲ್ಲ. ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ:

- ನನ್ನ ಹೆಸರು, ನನ್ನನ್ನು ಹೀಗೆ ಕರೆಯಿರಿ
- ನನಗೆ ಇರುವ ಕಾಯಿಲೆಗಳು, ತೆಗೆದುಕೊಳ್ಳುವ ಮಾತ್ರೆಗಳು, ಯಾವ ಔಷಧಿ ಆಗಿಬರುವುದಿಲ್ಲ
- ಮೂರ್ಛೆ ಬಂದರೆ ಹೇಗಿರುತ್ತದೆ, ಏನು ಮಾಡಬೇಕು
- ಊಟ, ನೀರು ನುಂಗಲು ಕಷ್ಟವಿದೆಯೇ, ಯಾವ ಹದದಲ್ಲಿ ಕೊಡಬೇಕು
- ನಾನು "ಹೌದು", "ಬೇಡ" ಎನ್ನುವ ರೀತಿ
- ನೋವಾದಾಗ ನಾನು ಹೀಗೆ ಮಾಡುತ್ತೇನೆ
- ನೀರು, ಹಸಿವು, ಮೂತ್ರ, ಮಲ ಇವುಗಳಿಗೆ ನಾನು ಬಳಸುವ ಪದ ಅಥವಾ ಸನ್ನೆ
- ನನಗೆ ಭಯವಾಗುವುದು ಯಾವುದಕ್ಕೆ, ಸಮಾಧಾನವಾಗುವುದು ಹೇಗೆ
- ಯಾರಿಗೆ ಫೋನ್ ಮಾಡಬೇಕು

ಒಂದು ಪ್ರತಿ ಫೈಲಿನಲ್ಲಿ, ಒಂದು ಫೋಟೊ ಫೋನಿನಲ್ಲಿ ಇರಲಿ. ರಾತ್ರಿ ಎರಡು ಗಂಟೆಗೆ ತುರ್ತು ಘಟಕಕ್ಕೆ ಹೋದಾಗ, ನೋಡಿಕೊಳ್ಳುವ ಅಮ್ಮನೇ ಹುಷಾರಿಲ್ಲದೆ ಮಲಗಿದಾಗ, ಈ ಹಾಳೆಯೇ ಅವರ ಪರವಾಗಿ ಮಾತನಾಡುತ್ತದೆ. ಇದರಲ್ಲಿ ಖಾಸಗಿ ವಿವರ ಇರುವುದರಿಂದ ಗ್ರೂಪುಗಳಿಗೆ ಹಾಕಬೇಡಿ.

ಕಾನೂನು ಏನು ಹೇಳುತ್ತದೆ?

ಇಂಗ್ಲೆಂಡಿನಲ್ಲಿ 2016ರಿಂದ ಸಾರ್ವಜನಿಕ ಆರೋಗ್ಯ ಸೇವೆಯ ಆಸ್ಪತ್ರೆ, ಕ್ಲಿನಿಕ್‌ಗಳು ಪ್ರತಿ ರೋಗಿಗೆ ಯಾವ ರೂಪದಲ್ಲಿ ಮಾಹಿತಿ ಬೇಕು ಎಂದು ಕೇಳಿ, ದಾಖಲಿಸಿ, ಅದೇ ರೂಪದಲ್ಲಿ ಕೊಡಬೇಕೆಂಬ ನಿಯಮವಿದೆ. ಬೌದ್ಧಿಕ ವಿಕಲತೆ ಇರುವವರಿಗೆ 14 ವರ್ಷದಿಂದ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ಸೌಲಭ್ಯವೂ ಇದೆ.

ನಮ್ಮಲ್ಲಿ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಅದು ಕೊಡುವ "ಸಂವಹನ"ದ ವ್ಯಾಖ್ಯಾನದಲ್ಲಿ ಬ್ರೈಲ್, ಸಂಜ್ಞಾ ಭಾಷೆಗಳ ಜೊತೆ "ಸರಳ ಭಾಷೆ"ಯೂ ಸೇರಿದೆ. 25ನೇ ಸೆಕ್ಷನ್ ಪ್ರಕಾರ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ಅಡೆತಡೆ ಇಲ್ಲದಂತೆ ಇರಬೇಕು. ವಿಕಲಚೇತನರಿಗೆ ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕು. ಗದ್ದಲದ ಒಪಿಡಿಯಲ್ಲಿ ಮೂರು ಗಂಟೆ ಕಾಯುವುದು ನಿಮ್ಮವರಿಗೆ ಅಸಾಧ್ಯವಾದರೆ ಕೌಂಟರಿನಲ್ಲಿ ಯುಡಿಐಡಿ ಕಾರ್ಡ್ ತೋರಿಸಿ ಆದ್ಯತೆ ಕೇಳಿ. ಅದು ದಯೆಯಲ್ಲ, ಹಕ್ಕು.

10ನೇ ಸೆಕ್ಷನ್ ಇನ್ನೂ ಗಂಭೀರ ವಿಷಯ ಹೇಳುತ್ತದೆ. ಮಕ್ಕಳಾಗದಂತೆ ಮಾಡುವ ಯಾವುದೇ ಚಿಕಿತ್ಸೆಯನ್ನು ವಿಕಲಚೇತನರ ಮೇಲೆ ಅವರದೇ ಮುಕ್ತ, ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದ ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ಗರ್ಭಕೋಶ ತೆಗೆಸಿದ ಘಟನೆ ದೇಶದಲ್ಲಿ ದೊಡ್ಡ ವಿವಾದವಾಗಿತ್ತು. "ಮುಟ್ಟಿನ ಸಮಯದಲ್ಲಿ ನೋಡಿಕೊಳ್ಳುವುದು ಕಷ್ಟ" ಎಂಬುದು ಆಗ ಕೊಟ್ಟ ಕಾರಣ. ಮುಟ್ಟಿನ ಶುಚಿತ್ವವನ್ನು ಚಿತ್ರ ತೋರಿಸಿ, ಮತ್ತೆ ಮತ್ತೆ ಅಭ್ಯಾಸ ಮಾಡಿಸಿ ಅನೇಕ ಹೆಣ್ಣುಮಕ್ಕಳಿಗೆ ಕಲಿಸಬಹುದು. ಚಂಡೀಗಢದ ಯುವತಿಯೊಬ್ಬಳ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಸೌಮ್ಯ ಬುದ್ಧಿಮಾಂದ್ಯತೆ ಇದ್ದ ಮಾತ್ರಕ್ಕೆ ಆಕೆಯ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ ಎಂದು ತೀರ್ಪು ನೀಡಿತು. ಒಪ್ಪಿಗೆ ಅವರದ್ದೇ ಆಗಬೇಕೆಂದರೆ ಅವರಿಗೆ ಅರ್ಥವಾಗುವಂತೆ ಹೇಳಲೇಬೇಕಲ್ಲವೇ? ಸರಳ ಭಾಷೆ ಇಲ್ಲಿ ಸೌಜನ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಎಂಬ ಆರೋಗ್ಯ ವಿಮೆ ಇದೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವಿಕಲತೆ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ. ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಬೇಕಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

"ಬುದ್ಧಿಮಾಂದ್ಯತೆ 90 ದಿನದಲ್ಲಿ ಗುಣ" ಎನ್ನುವ ಜಾಹೀರಾತು ಕಂಡರೆ ಮುಂದೆ ಕಳುಹಿಸಬೇಡಿ. ಬೌದ್ಧಿಕ ವಿಕಲತೆಯನ್ನು ಇಲ್ಲವಾಗಿಸುವ ಮಾತ್ರೆ, ಪುಡಿ, ಎಣ್ಣೆ ಇಲ್ಲ. ಆದರೆ ಅವರಿಗೆ ಬರುವ ಹಲ್ಲು ನೋವು, ಮಲಬದ್ಧತೆ, ಥೈರಾಯ್ಡ್, ಮೂರ್ಛೆಗಳಿಗೆ ಒಳ್ಳೆಯ ಚಿಕಿತ್ಸೆ ಇದೆ. ಅದು ಸಿಗಬೇಕಾದರೆ ಮೊದಲು ನೋವು ಯಾರಿಗಾದರೂ ತಿಳಿಯಬೇಕು.

ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ, ಮಗುವಿನ ಶಾಲೆಯಲ್ಲಿ ಇಂಥ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಮನೆಯವರಿಗೆ ಮೇಲಿನ ಒಂದು ಪುಟದ ಪಟ್ಟಿಯನ್ನು ಕಳುಹಿಸಿ. ಸಾಧ್ಯವಾದರೆ ಜೊತೆಗೆ ಕುಳಿತು ತುಂಬಿಸಿಕೊಡಿ. ಇನ್ನು ಮುಂದೆ "ಅವನಿಗೆ ನೋವು ಗೊತ್ತಾಗಲ್ಲ" ಎಂದು ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: "ಅವನನ್ನೇ ಕೇಳಿದಿರಾ?"